ಬಚ್ಚಲ ನೀರು ಕಡಲು ಸೇರಿದ ಮೇಲೆ: ಮನೆಯ ಮಾರ್ಜಕಗಳ ಬಗ್ಗೆ ಒಂದು ಸಂಶೋಧನಾ ಟಿಪ್ಪಣಿ

ಮನೆ ತೊಳೆಯುವ, ಬಟ್ಟೆ ಒಗೆಯುವ ರಾಸಾಯನಿಕಗಳು ಕಡಲಿಗೆ ಏನು ಮಾಡುತ್ತವೆ ಎಂದು ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಕೆರೆಯ ಉತ್ತರ. ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇದೆ, ಅದರಿಂದ ಪಾಚಿ ಬೆಳೆಯುತ್ತದೆ, ಪಾಚಿ ಕೊಳೆತು ಆಮ್ಲಜನಕ ತೀರುತ್ತದೆ, ಮೀನು ಸಾಯುತ್ತದೆ ಎಂಬ ಸರಪಳಿ ಅದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ಕಂಡವರಿಗೆ ಬೇರೆ ಪುರಾವೆ ಬೇಕೆನಿಸುವುದೂ ಇಲ್ಲ. ಆದರೆ ಕೆರೆಯ ರಸಾಯನಶಾಸ್ತ್ರ ಅಳಿವೆಯಲ್ಲಿ ಹಾಗೆಯೇ ನಡೆಯುವುದಿಲ್ಲ. ಉಪ್ಪು ಬೆರೆತ ಕೂಡಲೇ ಆರೋಪಿಗಳ ಕ್ರಮ ಬದಲಾಗುತ್ತದೆ. ಮುಂದೆ ನಿಲ್ಲಿಸಿದವರು ಹಿಂದೆ ಸರಿಯುತ್ತಾರೆ, ಹೆಸರೇ ಇಲ್ಲದಿದ್ದವರು ಮುಂದೆ ಬರುತ್ತಾರೆ. ಈ ಟಿಪ್ಪಣಿಯ ವಾದವಿಷ್ಟು: ಕರಾವಳಿಯ ನೀರಿನಲ್ಲಿ ಮಾರ್ಜಕಗಳು ಅಪರಾಧಿಗಳಾಗುವುದು ಕೆಲವೇ ಸಂದರ್ಭಗಳಲ್ಲಿ. ಉಳಿದ ಕಡೆಗಳಲ್ಲಿ ಅವು ಬೇರೊಂದು ಅಪರಾಧದ ಸಾಕ್ಷಿಗಳು. ಎರಡನ್ನೂ ಬೇರೆಬೇರೆಯಾಗಿ ಓದಬೇಕು.

ಮೊದಲು ಬೇಗ ಮುಗಿಸಬಹುದಾದ ವಿಷಯ. ಮನೆಯಲ್ಲಿ ಅತಿ ಭಯಂಕರವೆನಿಸುವ, ಮೂಗಿಗೆ ಹೊಡೆಯುವ ಬಾಟಲಿಗಳು ಕಡಲಿನ ಮಟ್ಟಿಗೆ ಬಹುಪಾಲು ನಿರುಪದ್ರವಿಗಳು. ಶೌಚಾಲಯ ತೊಳೆಯುವ ಆಸಿಡ್ಡನ್ನು ತೆಗೆದುಕೊಳ್ಳಿ. ಶೇ. 10ರ ಹೈಡ್ರೋಕ್ಲೋರಿಕ್ ಆಮ್ಲವಿರುವ ಅರ್ಧ ಲೀಟರ್ ಬಾಟಲಿಯಲ್ಲಿ ಸುಮಾರು 1.4 ಮೋಲ್ ಆಮ್ಲವಿರುತ್ತದೆ. ಒಂದು ಲೀಟರ್ ಕಡಲ ನೀರಿನ ಕ್ಷಾರತೆ ಸುಮಾರು 2.3 ಮಿಲಿಮೋಲ್. ಅಂದರೆ 600 ಲೀಟರಿನಷ್ಟು ಕಡಲ ನೀರು ಆ ಬಾಟಲಿಯನ್ನು ಪೂರ್ತಿ ತಟಸ್ಥಗೊಳಿಸಬಲ್ಲದು, ಅದೂ ಚರಂಡಿಯಲ್ಲಿ ಏನೂ ಖರ್ಚಾಗಿಲ್ಲ ಎಂದಿಟ್ಟುಕೊಂಡರೆ. ಬ್ಲೀಚಿಂಗಿನ ಹೈಪೋಕ್ಲೋರೈಟ್ ಬಹುಮಟ್ಟಿಗೆ ಚರಂಡಿಯ ಜೈವಿಕ ಕಸದ ಜೊತೆಗೇ ಮುಗಿಯುತ್ತದೆ. ಹೇಗೋ ತಪ್ಪಿಸಿಕೊಂಡು ಕಡಲಿಗೆ ಬಂದ ಪಾಲು ಅಲ್ಲಿನ ಬ್ರೋಮೈಡನ್ನು ಕ್ಷಣಗಳಲ್ಲಿ ಉತ್ಕರ್ಷಿಸಿ ಹೈಪೋಬ್ರೋಮಸ್ ಆಮ್ಲವಾಗಿಸುತ್ತದೆ, ಅದರಿಂದ ಬ್ರೋಮೋಫಾರ್ಮ್‌ನಂಥ ಉಪಉತ್ಪನ್ನಗಳು ಹುಟ್ಟುತ್ತವೆ. ಕಡಲ ನೀರನ್ನೇ ಕ್ಲೋರಿನ್ ಹಾಕಿ ತಂಪಿಗೆ ಬಳಸುವ ವಿದ್ಯುತ್ ಸ್ಥಾವರಗಳ ಬಳಿ ಇದು ನಿಜವಾದ ವಿಷಯ. ಮನೆಯ ಬಾಟಲಿಯ ಲೆಕ್ಕದಲ್ಲಿ ದೊಡ್ಡದಲ್ಲ. ಹಳೆಯ ಕಾಲದ ಸೋಪು ಇನ್ನೂ ಸರಳ. ಕಡಲ ನೀರಿನ ಲೀಟರಿಗೆ 400 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಹತ್ತಿರ ಮೆಗ್ನೀಸಿಯಂ ಇರುವುದರಿಂದ ಅದು ಕೂಡಲೇ ಗಸಿಯಾಗಿ ತಳ ಸೇರುತ್ತದೆ. ಉಪ್ಪು ನೀರಿನಲ್ಲಿ ಸೋಪು ನೊರೆ ಬಿಡದು ಎಂಬುದು ದೋಣಿಯವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಇನ್ನು ಫಾಸ್ಫೇಟ್. ಇಲ್ಲಿ ನಿಧಾನವಾಗಿ ಸಾಗಬೇಕು, ಏಕೆಂದರೆ ಕೆರೆಯ ಉತ್ತರ ಕಡಲಿಗೆ ವರ್ಗಾವಣೆಯಾದದ್ದು ಇಲ್ಲಿಯೇ.

ಗಡಸು ನೀರಿನಲ್ಲೂ ಡಿಟರ್ಜೆಂಟ್ ಕೆಲಸ ಮಾಡಲೆಂದು ಸೋಡಿಯಂ ಟ್ರೈಪಾಲಿಫಾಸ್ಫೇಟನ್ನು ಸೇರಿಸುವ ಪದ್ಧತಿ ಎರಡನೇ ಮಹಾಯುದ್ಧದ ನಂತರ ಹರಡಿತು. ಅದರ ತೂಕದ ಕಾಲು ಭಾಗ ರಂಜಕ. 1960ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ನಗರಗಳ ಕೊಳಚೆಯಲ್ಲಿದ್ದ ರಂಜಕದಲ್ಲಿ ಅರ್ಧದಷ್ಟು ಬಟ್ಟೆ ಒಗೆಯುವ ಪುಡಿಯಿಂದಲೇ ಬರುತ್ತಿತ್ತು. ಈರಿ ಸರೋವರ ಹಸಿರುಗಟ್ಟಿತು, ಫಾಸ್ಫೇಟ್ ನಿಷೇಧದ ಕೂಗು ಎದ್ದಿತು. ಆ ಕೂಗಿಗೆ ಆಧಾರ ಗಟ್ಟಿಯೇ ಇತ್ತು. ಕೆನಡಾದ ಆಂಟಾರಿಯೋದ ಪ್ರಾಯೋಗಿಕ ಸರೋವರಗಳಲ್ಲಿ ಡೇವಿಡ್ ಶಿಂಡ್ಲರ್ 1973ರಲ್ಲಿ 226ನೇ ಸಂಖ್ಯೆಯ ಸರೋವರವನ್ನು ಒಂದು ಪರದೆಯಿಂದ ಎರಡಾಗಿ ಸೀಳಿಸಿದರು. ಒಂದು ಕಡೆ ಇಂಗಾಲ, ಸಾರಜನಕ. ಇನ್ನೊಂದು ಕಡೆ ಅವೆರಡರ ಜೊತೆಗೆ ರಂಜಕ. ರಂಜಕ ಬಿದ್ದ ಭಾಗ ಮಾತ್ರ ಪಾಚಿಗಟ್ಟಿತು. ಆಕಾಶದಿಂದ ತೆಗೆದ ಅದರ ಛಾಯಾಚಿತ್ರ ಎಷ್ಟೋ ಕಾನೂನುಗಳನ್ನು ಮಾಡಿಸಿತು ಎಂದರೂ ತಪ್ಪಾಗದು.

ಆದರೆ ಇದಕ್ಕೆ ಎರಡು ವರ್ಷ ಮೊದಲೇ, 1971ರಲ್ಲಿ, ಮ್ಯಾಸಚೂಸೆಟ್ಸಿನ ವುಡ್ಸ್ ಹೋಲ್ ಸಾಗರಶಾಸ್ತ್ರ ಸಂಸ್ಥೆಯ ಜಾನ್ ರೈಥರ್ ಮತ್ತು ವಿಲಿಯಂ ಡನ್‌ಸ್ಟನ್ ಸೈನ್ಸ್ ಪತ್ರಿಕೆಯಲ್ಲಿ ಬೇರೆಯೇ ಮಾತು ಹೇಳಿದ್ದರು. ಲಾಂಗ್ ಐಲೆಂಡಿನ ಕೊಲ್ಲಿಗಳಲ್ಲಿ, ನ್ಯೂಯಾರ್ಕ್ ತೀರದ ಕಡಲಲ್ಲಿ ಅವರು ನೋಡಿದಂತೆ ಪಾಚಿಯ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ರಂಜಕದ ಕೊರತೆಯಲ್ಲ, ಸಾರಜನಕದ ಕೊರತೆ. ಪಾಚಿ ಬಳಸಿಕೊಳ್ಳಬಲ್ಲದ್ದರ ಎರಡರಷ್ಟು ಫಾಸ್ಫೇಟ್ ಆ ನೀರಿನಲ್ಲಿ ಸಾಮಾನ್ಯವಾಗಿಯೇ ಇತ್ತು. ಹಾಗಾಗಿ ಡಿಟರ್ಜೆಂಟಿನಿಂದ ಫಾಸ್ಫೇಟ್ ತೆಗೆದರೆ ಕಡಲ ತೀರಕ್ಕೆ ಹೆಚ್ಚೇನೂ ಲಾಭವಾಗದು. ಅದರ ಬದಲಿಗೆ ಆಗ ಸೂಚಿತವಾಗಿದ್ದ ಎನ್‌ಟಿಎ ಎಂಬ ಸಂಯುಕ್ತ ಸಾರಜನಕವನ್ನು ಹೊತ್ತು ತರುವುದರಿಂದ ಸ್ಥಿತಿ ಕೆಡಲೂಬಹುದು ಎಂಬುದು ಅವರ ತೀರ್ಮಾನ. ಸಿಹಿನೀರಿನವರೂ ಉಪ್ಪುನೀರಿನವರೂ ಒಬ್ಬರಿಗೊಬ್ಬರು ಕಿವಿಗೊಡದೆ ಹಲವು ವರ್ಷ ವಾದಿಸಿದರು. ಇಬ್ಬರೂ ತಮ್ಮ ತಮ್ಮ ನೀರಿನ ಮಟ್ಟಿಗೆ ಸರಿಯಾಗಿಯೇ ಇದ್ದರು ಎಂಬುದು ನನ್ನ ಓದು.

ನದಿಯೊಂದು ಸಿಹಿನೀರಿನಿಂದ ಉಪ್ಪುನೀರಿಗೆ ಹರಿಯುವಾಗ ಈ ಎರಡು ಸರಿಗಳು ಹೇಗೆ ಡಿಕ್ಕಿ ಹೊಡೆಯುತ್ತವೆ ಎಂಬುದಕ್ಕೆ ಉತ್ತರ ಕೆರೊಲಿನಾದ ನ್ಯೂಸ್ ನದಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ರಾಜ್ಯ 1988ರಲ್ಲಿ ಫಾಸ್ಫೇಟ್ ಡಿಟರ್ಜೆಂಟುಗಳನ್ನು ನಿಷೇಧಿಸಿತು. ನದಿಯ ಮೇಲುಭಾಗದಲ್ಲಿ ಫಲ ಕಂಡಿತು. ರಂಜಕ ಇಳಿಯಿತು, ಸಿಹಿನೀರಿನಲ್ಲಿ ನೀಲಿಹಸಿರು ಪಾಚಿಯ ಕಾಟ ತಗ್ಗಿತು. ಆದರೆ ಆ ಪಾಚಿ ಇಷ್ಟು ದಿನ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು: ನದಿಯಲ್ಲಿ ಬರುತ್ತಿದ್ದ ಸಾರಜನಕವನ್ನು ಮೇಲೆಯೇ ಹೀರಿಕೊಳ್ಳುತ್ತಿತ್ತು. ಹೀರುವವರಿಲ್ಲದಾದಾಗ ಅದು ನೇರ ಕೆಳಗಿಳಿದು ಪ್ಯಾಮ್ಲಿಕೋ ಸೌಂಡಿಗೆ ಸೇರುವ ಅಳಿವೆ ಪ್ರದೇಶದಲ್ಲಿ ಪಾಚಿಗೆ ಗೊಬ್ಬರವಾಯಿತು. ಹ್ಯಾನ್ಸ್ ಪೇರ್ಲ್ ಮತ್ತು ಸಂಗಡಿಗರು 2004ರಲ್ಲಿ ಈ ಕಥೆಯನ್ನು ಬರೆದಾಗ, ಪರಿಹಾರಗಳೇ ಹುಟ್ಟಿಸಿದ ಸಮಸ್ಯೆಗಳನ್ನು ಪರಿಹರಿಸುವುದು ಎಂಬ ಅರ್ಥದ ಶೀರ್ಷಿಕೆ ಕೊಟ್ಟರು. ಸಾರಜನಕವನ್ನು ಶೇ. 30ರಷ್ಟು ಇಳಿಸುವ ಗುರಿಯನ್ನು ಆ ನದಿಗೆ ಕೊನೆಗೆ ಬೇರೆಯಾಗಿಯೇ ಹಾಕಬೇಕಾಯಿತು. ನಿಷೇಧ ತಪ್ಪೆಂದು ಇದರರ್ಥವಲ್ಲ. ಅಳಿವೆಯ ಲೆಕ್ಕವನ್ನು ಡಿಟರ್ಜೆಂಟಿನ ಪೊಟ್ಟಣದಿಂದ ಶುರುಮಾಡಿದರೆ ಅರ್ಧದಲ್ಲೇ ನಿಲ್ಲುತ್ತದೆ ಎಂದಷ್ಟೆ.

ಅದೇ ಲೆಕ್ಕವನ್ನು ನಮ್ಮ ಕಡೆಗೆ ತಂದರೆ? ಆಹಾರ ಪೂರೈಕೆಯ ಅಂಕಿಅಂಶಗಳಿಂದ ಮಾಡಿದ ಪ್ರಸಿದ್ಧ ಅಂದಾಜೊಂದರ ಪ್ರಕಾರ ಭಾರತದಲ್ಲಿ ಒಬ್ಬರ ಮಲಮೂತ್ರದಿಂದ ವರ್ಷಕ್ಕೆ ಸುಮಾರು 2.7 ಕಿಲೋ ಸಾರಜನಕ, 0.4 ಕಿಲೋ ರಂಜಕ ಹೊರಬೀಳುತ್ತದೆ. ಪರಮಾಣುಗಳ ಲೆಕ್ಕದಲ್ಲಿ ಇದು 15ಕ್ಕೆ 1. ಕಡಲ ಪಾಚಿಯ ದೇಹದ ಸರಾಸರಿ ಪ್ರಮಾಣ 16ಕ್ಕೆ 1. ಈಗ ಒಬ್ಬರು ವರ್ಷಕ್ಕೆ 5 ಕಿಲೋ ಪುಡಿ ಬಳಸುತ್ತಾರೆ, ಅದರಲ್ಲಿ ಶೇ. 5ರಷ್ಟು ಟ್ರೈಪಾಲಿಫಾಸ್ಫೇಟ್ ಇದೆ ಎಂದು ಊಹಿಸಿಕೊಳ್ಳೋಣ. ಅಳತೆಯಲ್ಲ, ಊಹೆ. ಆಗ ಸೇರುವ ರಂಜಕ 60 ಗ್ರಾಮಿನ ಆಸುಪಾಸು; ಪ್ರಮಾಣ 15ರಿಂದ 13ಕ್ಕೆ ಇಳಿಯುತ್ತದೆ. ಪುಡಿ ಸೇರಿದ್ದರಿಂದ ಸಾರಜನಕ ಇನ್ನಷ್ಟು ವಿರಳವಾಯಿತು, ಅಷ್ಟೆ. ನಮ್ಮಲ್ಲಿ ಅಗ್ಗದ ಪುಡಿಗಳು ಫಾಸ್ಫೇಟಿಗಿಂತ ವಾಷಿಂಗ್ ಸೋಡಾದ ಮೇಲೆಯೇ ಹೆಚ್ಚು ನಿಂತಿವೆ ಎಂಬುದನ್ನೂ ಮರೆಯಬಾರದು.

ಅರಬ್ಬೀ ಸಮುದ್ರದ ಪೂರ್ವ ತೀರಕ್ಕೆ ಇನ್ನೂ ಒಂದು ವಿಶೇಷವಿದೆ. ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ ಕೇರಳದಿಂದ ಗೋವಾದಾಚೆಯವರೆಗೆ ಆಳದ ತಂಪು ನೀರು ಮೇಲಕ್ಕೆ ಬರುತ್ತದೆ. ಪೋಷಕಾಂಶ ತುಂಬಿದ, ಆಮ್ಲಜನಕ ಕಡಿಮೆಯಿರುವ ನೀರು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಹೋದ್ಯೋಗಿಗಳು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದ ಈ ಆಮ್ಲಜನಕ ಕಡಿಮೆಯಿರುವ ವಲಯ ಸುಮಾರು 1.8 ಲಕ್ಷ ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತೆರೆದ ಕಡಲಿನ ಪಾಚಿಗೆ ಮಂಗಳೂರಿನ ಬಟ್ಟೆ ಒಗೆಯುವ ಪುಡಿ ಕಾರಣ ಎನ್ನುವುದು ಅಳತೆಯ ಅರಿವಿಲ್ಲದ ಮಾತು. ಆದರೆ ಜನವರಿಯಿಂದ ಮೇ ತನಕ, ನದಿ ಸೊರಗಿ ಉಬ್ಬರದ ಉಪ್ಪು ನೀರು ಒಳನಾಡಿಗೆ ನುಗ್ಗುವ ದಿನಗಳಲ್ಲಿ, ಅಳಿವೆಯ ಒಳಗಿನ ನೀರು ಹೊರಹೋಗಲು ಅವಸರಪಡುವುದಿಲ್ಲ. ಚರಂಡಿ ಸುರಿಯುವುದನ್ನು ನಿಲ್ಲಿಸುವುದೂ ಇಲ್ಲ. ಕೇಳಬೇಕಾದ ಪ್ರಶ್ನೆಗಳೆಲ್ಲ ಈ ಐದು ತಿಂಗಳುಗಳಿಗೆ ಸೇರಿದವು.

ಕೊಳೆ ತೆಗೆಯುವ ನಿಜವಾದ ಕೆಲಸ ಮಾಡುವುದು ಸರ್ಫ್ಯಾಕ್ಟೆಂಟ್. ಒಂದು ತುದಿ ನೀರಿಗೆ, ಇನ್ನೊಂದು ತುದಿ ಜಿಡ್ಡಿಗೆ ಅಂಟುವ ಅಣು ಅದು. ಯುದ್ಧಾನಂತರದ ಮೊದಲ ತಲೆಮಾರಿನ ಡಿಟರ್ಜೆಂಟುಗಳಲ್ಲಿ ಪ್ರೊಪಿಲೀನ್‌ನಿಂದ ಕಟ್ಟಿದ, ಕವಲೊಡೆದ ಸರಪಳಿಯ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್ ಇತ್ತು. ಆ ಕವಲುಗಳಲ್ಲಿ ಬ್ಯಾಕ್ಟೀರಿಯಾಗಳಿಗೆ ಹಿಡಿತ ಸಿಗಲಿಲ್ಲ. 1950ರ ದಶಕದಲ್ಲಿ ಯುರೋಪು, ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡೆಗಳು ಎದ್ದವು. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ತಂದು, 1964ರಿಂದ ಇಂಥ ವಸ್ತುಗಳು ಶೇ. 80ರಷ್ಟಾದರೂ ಜೈವಿಕವಾಗಿ ಕರಗಬೇಕೆಂದಿತು. ಅಮೆರಿಕದ ತಯಾರಕರು 1965ರ ಹೊತ್ತಿಗೆ ತಾವಾಗಿಯೇ ಕವಲಿಲ್ಲದ ನೇರ ಸರಪಳಿಯ ಅಣುವಿಗೆ ಬದಲಾದರು. ಎಲ್‌ಎಎಸ್ ಎಂದು ಕರೆಯುವ ಆ ಅಣುವೇ ಇಂದಿಗೂ ನಮ್ಮ ಪುಡಿ, ಬಾರು, ಪಾತ್ರೆ ತೊಳೆಯುವ ದ್ರವಗಳ ಬೆನ್ನೆಲುಬು. ಚೆನ್ನೈ ಬಳಿಯ ಮಣಲಿಯಂಥ ಕಡೆ ಅದರ ಕಚ್ಚಾವಸ್ತು ತಯಾರಾಗುತ್ತದೆ.

ಎಲ್‌ಎಎಸ್ ಕರಗುತ್ತದೆ ಎನ್ನುವ ಮಾತಿಗೆ ಎರಡು ಷರತ್ತುಗಳಿವೆ. ಆಮ್ಲಜನಕ ಬೇಕು, ಬೆಚ್ಚಗಿರಬೇಕು. ಎರಡನೆಯದು ನಮ್ಮ ಪಶ್ಚಿಮ ಕರಾವಳಿಗೆ ವರವಾಗಿಯೇ ಇದೆ. ಮೊದಲನೆಯದೇ ಕಷ್ಟ. ಉಪ್ಪು ಹೆಚ್ಚಿದಂತೆ ಈ ಅಣು ನೀರಿನಲ್ಲಿ ನಿಲ್ಲಲು ಒಪ್ಪದೆ ಮಣ್ಣಿನ ಕಣಗಳಿಗೆ ಅಂಟುತ್ತದೆ. ನದಿ ಕಡಲನ್ನು ಕೂಡುವಲ್ಲಿ ಕಣಗಳು ಉಂಡೆಗಟ್ಟಿ ತಳಕ್ಕಿಳಿಯುತ್ತವೆ. ತಳದ ಕಪ್ಪು ಕೆಸರಿನಲ್ಲಿ ಕೆಲವೇ ಮಿಲಿಮೀಟರ್ ಕೆಳಗೆ ಆಮ್ಲಜನಕವಿಲ್ಲ. ದಕ್ಷಿಣ ಸ್ಪೇನಿನ ಕಾದಿಸ್ ಕೊಲ್ಲಿಯಲ್ಲಿ, ಸಾನ್ ಫೆರ್ನಾಂದೊ ಪಟ್ಟಣದ ಸಂಸ್ಕರಿಸದ ಕೊಳಚೆ ಬೀಳುತ್ತಿದ್ದ ಸಾಂಕ್ತಿ ಪೆತ್ರಿ ಕಾಲುವೆಯನ್ನು ಕಾದಿಸ್ ವಿಶ್ವವಿದ್ಯಾಲಯದ ಗೊನ್ಸಾಲೆಸ್-ಮಾಸೊ ಮತ್ತು ಸಂಗಡಿಗರು 1990ರ ದಶಕದಿಂದ ಅಧ್ಯಯನ ಮಾಡಿದರು. ಕೊಳವೆಯ ಬಾಯಿಂದ ದೂರ ಹೋದಂತೆ ನೀರಿನಲ್ಲಿ ಎಲ್‌ಎಎಸ್ ಬೇಗನೆ ಇಳಿಯಿತು. ತಳದ ಕೆಸರಿನಲ್ಲಿ ಮಾತ್ರ ಕೂತೇ ಇತ್ತು. ಆಮ್ಲಜನಕವಿಲ್ಲದೆ ಈ ಅಣು ಅಲುಗುವುದೇ ಇಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅದೇ ತಂಡ 2007ರಲ್ಲಿ ಕಡಲ ಕೆಸರಿನಲ್ಲಿ ಆಮ್ಲಜನಕವಿಲ್ಲದೆಯೂ ಅದು ತಿಂಗಳುಗಳ ಅವಧಿಯಲ್ಲಿ ಕರಗುವುದನ್ನು ತೋರಿಸಿತು. ಹಾಗಾಗಿ ಶಾಶ್ವತ ವಿಷ ಎನ್ನುವುದು ಉತ್ಪ್ರೇಕ್ಷೆ. ನೀರಿನಲ್ಲಿ ಗಂಟೆ, ದಿನಗಳಲ್ಲಿ ಆಗುವ ಕೆಲಸ ಕೆಸರಿನಲ್ಲಿ ತಿಂಗಳು ಹಿಡಿಯುತ್ತದೆ, ಆ ತಿಂಗಳುಗಳಲ್ಲಿ ಮೇಲಿಂದ ಹೊಸದು ಬರುತ್ತಲೇ ಇರುತ್ತದೆ ಎಂಬುದೇ ಸರಿಯಾದ ಚಿತ್ರ. ಕೆಸರಿನಲ್ಲೇ ಬದುಕಿ, ಕಣ ಸೋಸಿ ತಿನ್ನುವ ಮರುವಾಯಿಯಂಥ ಚಿಪ್ಪುಜೀವಿಗಳಿಗೆ ಈ ಚಿತ್ರವೇ ಮುಖ್ಯ.

ಕೆಸರಿನದು ಒಂದು ಸಂದರ್ಭವಾದರೆ ಇನ್ನೊಂದು ಎಲ್ಲರೂ ಮರೆತಿರುವಂಥದ್ದು, ಗಾಳಿಯದು. ಸಿಡ್ನಿಯ ಮ್ಯಾನ್ಲಿ ಕಡಲತೀರದ ಉದ್ದಕ್ಕೂ 19ನೇ ಶತಮಾನದಲ್ಲಿ ನೆಟ್ಟ ನಾರ್ಫೋಕ್ ದ್ವೀಪದ ಪೈನ್ ಮರಗಳಿದ್ದವು. ನಮ್ಮ ಊರುಗಳಲ್ಲಿ ಮನೆಯಂಗಳದ ಕ್ರಿಸ್‌ಮಸ್ ಮರ ಎನ್ನುತ್ತೇವಲ್ಲ, ಹೆಚ್ಚಾಗಿ ಅದೇ ಬಳಗದ ಮರ. ಪೆಸಿಫಿಕ್ಕಿನ ಪುಟ್ಟ ದ್ವೀಪದಲ್ಲಿ ಉಪ್ಪುಗಾಳಿಗೆ ಎದೆಗೊಟ್ಟು ಬೆಳೆದ ಮರ ಉಪ್ಪಿಗೆ ಹೆದರುವುದಿಲ್ಲ. ಆದರೂ 1960–70ರ ದಶಕಗಳಲ್ಲಿ ಅವು ಕಡಲಿನ ಕಡೆಯಿಂದ ಒಣಗತೊಡಗಿದವು. ಹತ್ತಿರದ ನಾರ್ತ್ ಹೆಡ್ ಬಂಡೆಯ ಬುಡದಲ್ಲಿ ನಗರದ ಕೊಳಚೆ ನೇರ ಅಲೆಗಳಿಗೆ ಬೀಳುತ್ತಿತ್ತು. 1978ರಲ್ಲಿ ಆಸ್ಟ್ರೇಲಿಯದ ಸಸ್ಯಶರೀರಶಾಸ್ತ್ರ ಪತ್ರಿಕೆಯಲ್ಲಿ ಬಂದ ಲೇಖನಮಾಲೆಯೊಂದು ಕಾರಣವನ್ನು ಬಿಡಿಸಿತು. ಕೊಂದದ್ದು ಉಪ್ಪೇ, ಬಾಗಿಲು ತೆರೆದದ್ದು ಸರ್ಫ್ಯಾಕ್ಟೆಂಟ್. ಬರಿಯ ಕಡಲ ನೀರಿನ ಹನಿ ಮೇಲ್ಮೈ ಸೆಳೆತದಿಂದಾಗಿ ಎಲೆಯ ಮೇಲೆ ಗುಂಡಗೆ ನಿಲ್ಲುತ್ತದೆ, ಪತ್ರರಂಧ್ರದೊಳಗೆ ಇಳಿಯಲಾರದು. ಸರ್ಫ್ಯಾಕ್ಟೆಂಟ್ ಬೆರೆತರೆ ಆ ಸೆಳೆತ ಸಡಿಲವಾಗಿ ಹನಿ ಚಪ್ಪಟೆಯಾಗುತ್ತದೆ, ಉಪ್ಪು ಒಳಗಿಳಿಯುತ್ತದೆ. ಅಲೆ ಒಡೆದಾಗ ಸಿಡಿಯುವ ಗುಳ್ಳೆಗಳ ಪೊರೆಯಲ್ಲಿಯೇ ಈ ಅಣುಗಳು ಒತ್ತಾಗಿ ನೆರೆಯುವುದರಿಂದ ತುಂತುರಿನಲ್ಲಿ ಅವುಗಳ ಸಾಂದ್ರತೆ ಕಡಲ ನೀರಿನಲ್ಲಿರುವುದಕ್ಕಿಂತ ಹೆಚ್ಚು. ಇಟಲಿಯ ಪೀಸಾ ಬಳಿಯ ಸಾನ್ ರೊಸ್ಸೊರೆಯ ಕಡಲ ಅಂಚಿನ ಪೈನ್ ಕಾಡು ಒಣಗಿದ್ದೂ ಹೀಗೆಯೇ ಎಂದು ಅಲ್ಲಿನ ಸಂಶೋಧಕರು ಗುರುತಿಸಿದರು; ಫ್ಲಾರೆನ್ಸ್, ಪೀಸಾ ಎರಡರ ಕೊಳಚೆಯನ್ನೂ ಆರ್ನೊ ನದಿ ಅಲ್ಲಿಗೆ ತರುತ್ತಿತ್ತು. ಸಿಡ್ನಿ 1990–91ರಲ್ಲಿ ಕೊಳವೆಗಳನ್ನು ಕಿಲೋಮೀಟರುಗಟ್ಟಲೆ ದೂರದ ಆಳಕ್ಕೆ ಒಯ್ದಿತು.

ಕಡಲಿಗೆ ಹೋದದ್ದು ಕಡಲಲ್ಲೇ ಉಳಿಯುತ್ತದೆ ಎಂಬ ನಂಬಿಕೆಯನ್ನು ಈ ಮರಗಳಷ್ಟು ಸ್ಪಷ್ಟವಾಗಿ ಬೇರಾವ ಪ್ರಯೋಗವೂ ಮುರಿದಿಲ್ಲ. ಆದರೂ ಮಾರ್ಜಕಗಳ ಕುರಿತ ಜನಪ್ರಿಯ ಬರಹಗಳಲ್ಲಿ ಮೀನು ಬರುತ್ತದೆ, ಮರ ಬರುವುದಿಲ್ಲ.

ಇನ್ನು ಸಾಕ್ಷಿಯ ಪಾತ್ರ. ಎಲ್‌ಎಎಸ್ ತಯಾರಿಸುವಾಗ ಸಲ್ಫೊನೇಟ್ ಆಗದೆ ಉಳಿದ ಆಲ್ಕೈಲ್‌ಬೆಂಜೀನ್ ಅತ್ಯಲ್ಪ ಪ್ರಮಾಣದಲ್ಲಿ ಪ್ರತಿ ಪೊಟ್ಟಣದಲ್ಲೂ ಇರುತ್ತದೆ. ಬಟ್ಟೆ ಒಗೆಯಲು ಅದರಿಂದ ಪ್ರಯೋಜನವಿಲ್ಲ, ಸಂಶೋಧಕನಿಗೆ ಇದೆ. ಈ ಸರಣಿಯ ಅಣುಗಳು ಪ್ರಕೃತಿಯಲ್ಲಿ ಹೀಗೆ ಹುಟ್ಟುವುದಿಲ್ಲವಾದ್ದರಿಂದ ತಳದ ಕೆಸರಿನಲ್ಲಿ ಸಿಕ್ಕರೆ ಮನೆಗಳ ಕೊಳಚೆ ಅಲ್ಲಿಗೆ ತಲುಪಿದೆ ಎಂದೇ ಅರ್ಥ. ರಾಬರ್ಟ್ ಈಗನ್‌ಹೌಸ್ ಮತ್ತು ಸಂಗಡಿಗರು 1983ರಲ್ಲಿ ಲಾಸ್ ಏಂಜಲೀಸ್ ತೀರದಲ್ಲಿ ಇದನ್ನು ತೋರಿಸಿದರು. ಅಲ್ಲಿನ ಪಾಲೊಸ್ ವರ್ಡೆಸ್ ತಳದ ಕೆಸರನ್ನು ಪದರಪದರವಾಗಿ ಓದಿದಾಗ ಕೆಳಗೆ ಕವಲುಳ್ಳ ಹಳೆಯ ಅಣು, ಮೇಲೆ ನೇರ ಸರಪಳಿಯ ಹೊಸ ಅಣು. 1965ರ ಕಾರ್ಖಾನೆಯ ನಿರ್ಧಾರ ಕಡಲ ತಳದಲ್ಲಿ ತಾರೀಖಾಗಿ ಕೂತಿದೆ. ಹಿದೆಶಿಗೆ ತಕಾದಾ ಟೋಕಿಯೋ ಕೊಲ್ಲಿಯಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದರು. ಸರಪಳಿಯ ನಡುವೆ ಬೆಂಜೀನ್ ಉಂಗುರ ಅಂಟಿದ ಅಣು ನಿಧಾನವಾಗಿ ಕರಗುತ್ತದೆ, ತುದಿಯ ಬಳಿ ಅಂಟಿದ್ದು ಬೇಗ. ಹಸಿ ಕೊಳಚೆಯಲ್ಲಿ ಇವೆರಡರ ಅನುಪಾತ ಒಂದರ ಆಸುಪಾಸು. ಆಮ್ಲಜನಕ ಕೊಟ್ಟು ಸಂಸ್ಕರಿಸಿದ ನೀರಿನಲ್ಲಿ ಅದು ಏರುತ್ತದೆ. ಹಾಗಾಗಿ ಕಡಲ ತಳದ ಒಂದು ಚಮಚ ಕೆಸರು, ಬಂದ ಕೊಳಚೆ ಸಂಸ್ಕರಣಾ ಘಟಕದ ಮೂಲಕ ಬಂತೋ ಅದನ್ನು ತಪ್ಪಿಸಿಕೊಂಡು ಬಂತೋ ಎಂದು ಹೇಳಬಲ್ಲದು. ಬಟ್ಟೆಗೆ ಬೆಳ್ಳಗಿನ ಹೊಳಪು ಕೊಡಲು ಹಾಕುವ ಪ್ರತಿದೀಪ್ತ ಬಣ್ಣಗಳೂ ಇದೇ ಕೆಲಸಕ್ಕೆ ಬರುತ್ತವೆ. ಹೊಳಪು ಬೆರೆಸದ ಹತ್ತಿಯ ಬಿಲ್ಲೆಯೊಂದನ್ನು ತೋಡಿನಲ್ಲಿ ಕೆಲವು ದಿನ ಕಟ್ಟಿಟ್ಟು ಒಣಗಿಸಿ, ಕತ್ತಲಲ್ಲಿ ನೇರಳಾತೀತ ದೀಪದಡಿ ಹಿಡಿದರೆ ಸಾಕು. ಹೊಳೆದರೆ ಮೇಲೆಲ್ಲೋ ಬಟ್ಟೆ ಒಗೆದ ನೀರು ಸೇರುತ್ತಿದೆ.

ಅತಿ ಅಲ್ಪ ಪ್ರಮಾಣದಲ್ಲಿಯೂ ಕೆಲಸ ಮಾಡುವ ವಸ್ತುಗಳಿಗೆ ಇಲ್ಲಿ ಎರಡೇ ಮಾತು. ನೋನೈಲ್‌ಫಿನಾಲ್ ಇಥಾಕ್ಸಿಲೇಟುಗಳು ಅರ್ಧ ಕರಗಿದಾಗ ಹುಟ್ಟುವ ನೋನೈಲ್‌ಫಿನಾಲ್ ಹೆಣ್ಣು ಹಾರ್ಮೋನಿನಂತೆ ವರ್ತಿಸುತ್ತದೆ. ಯುರೋಪು 2003ರ ನಿರ್ದೇಶನದಿಂದ ಅದರ ಬಳಕೆಯನ್ನು ಕಟ್ಟಿಹಾಕಿತು. ನೆಲ ಒರೆಸುವ ಸೋಂಕುನಿವಾರಕಗಳ ಬೆಂಜಾಲ್ಕೋನಿಯಂ ಧನ ವಿದ್ಯುದಂಶದ ಅಣುವಾದ್ದರಿಂದ ಕೆಸರಿಗೆ ಗಟ್ಟಿಯಾಗಿ ಅಂಟುತ್ತದೆ. ಪರಿಮಳದ ಬಾಟಲಿಯಲ್ಲಿರುವ ಇದು ಆಸಿಡ್ಡಿಗಿಂತ ಕಡಲಿಗೆ ಹೆಚ್ಚು ದಿನದ ಅತಿಥಿ.

ನೈಸರ್ಗಿಕವಾದದ್ದಕ್ಕೆ ಮರಳಿದರಾಯಿತು ಎನ್ನುವವರಿಗೆ ಒಂದು ಎಚ್ಚರಿಕೆ. ಅಂಟುವಾಳ, ಸೀಗೆಕಾಯಿಗಳಲ್ಲಿ ನೊರೆ ಬರಿಸುವ ಸಪೋನಿನ್ ಕೂಡ ಸರ್ಫ್ಯಾಕ್ಟೆಂಟೇ, ಮೀನಿನ ಕಿವಿರಿಗೆ ಅದು ವಿಷ. ಸೀಗಡಿ ಕೆರೆಗಳಲ್ಲಿ ಮರಿ ಬಿಡುವ ಮೊದಲು ಬೇಡದ ಮೀನುಗಳನ್ನು ಕೊಲ್ಲಲು ಹಿಪ್ಪೆ ಹಿಂಡಿ, ಚಹಾ ಬೀಜದ ಹಿಂಡಿಗಳನ್ನು ಬಳಸುವುದು ಇದೇ ಗುಣಕ್ಕಾಗಿ. ಅವು ಬೇಗ ಕರಗುತ್ತವೆ ಎಂಬುದು ನಿಜ, ಅವುಗಳ ಪರವಾಗಿ ಹೇಳಬಹುದಾದದ್ದೂ ಅಷ್ಟೇ.

ನನ್ನ ಮಟ್ಟಿಗೆ ಬಾಟಲಿಗಿಂತ ಚರಂಡಿ ಮುಖ್ಯ. ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲ ನೀರು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಗಾಳಿಯಾಡುವ ಮೇಲ್ಮಣ್ಣಿನಲ್ಲಿ ಎಲ್‌ಎಎಸ್ ಚೆನ್ನಾಗಿಯೇ ಕರಗುತ್ತದೆ. ಸೋಡಾದ ಸೋಡಿಯಂ ಮಣ್ಣನ್ನು ಬಿಗಿಗೊಳಿಸುತ್ತದೆ ಎಂಬ ದೋಷವಿದ್ದರೂ ಅಳಿವೆಯ ದೃಷ್ಟಿಯಿಂದ ಅದು ಒಳ್ಳೆಯ ವ್ಯವಸ್ಥೆ. ಅದೇ ನೀರನ್ನು ಮುರಕಲ್ಲಿನ ಆಳದ ಇಂಗುಗುಂಡಿಗೆ ಬಿಟ್ಟರೆ ರಂಧ್ರಮಯ ಕಲ್ಲು ಅದನ್ನು ಸೋಸಲು ಸಮಯವನ್ನೇ ಕೊಡದೆ ಬಾವಿಯ ಕಡೆಗೆ ಸಾಗಿಸಬಹುದು. ಕೊಳಚೆಯೊಡನೆ ಮುಚ್ಚಿದ ಚರಂಡಿಯಲ್ಲಿ ಸಾಗಿಸಿದರೆ ದಾರಿಯಲ್ಲೇ ಆಮ್ಲಜನಕ ಮುಗಿದು, ಅಣು ಕರಗದೆ ಅಳಿವೆ ತಲುಪುತ್ತದೆ. ಪುಡಿ ಒಂದೇ, ಗ್ರಾಂ ಲೆಕ್ಕವೂ ಒಂದೇ, ಪರಿಣಾಮ ಮಾತ್ರ ಮೂರು ಬಗೆ. ಬೆಳ್ಳಂದೂರಿನ ಕೆಸರಿನಲ್ಲಿ ಸರ್ಫ್ಯಾಕ್ಟೆಂಟ್ ಕೂಡಿಕೊಂಡು, ದೊಡ್ಡ ಮಳೆಗೆ ಕಲಕಿದಾಗ ನೊರೆಯೇಳುತ್ತದೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯವರು ಹೇಳಿದ್ದೂ ಈ ಮೂರನೆಯ ಬಗೆಯನ್ನೇ.

ನೇತ್ರಾವತಿ, ಗುರುಪುರ ನದಿಗಳು ಕೂಡಿ ಬೆಂಗ್ರೆಯ ಮರಳದಿಣ್ಣೆಯ ಪಕ್ಕ ಕಡಲು ಸೇರುವ ಮಂಗಳೂರು ಅಳಿವೆಯಂಥ ಕಡೆ ಕೆಲಸ ಮಾಡುವವರು ಮಾದರಿಗಳನ್ನು ಮಾರ್ಚ್‌ನಿಂದ ಮೇ ನಡುವೆ, ಇಳಿತದ ಹೊತ್ತಿನಲ್ಲಿ ತೆಗೆಯುವುದು ಒಳ್ಳೆಯದು. ಮುಂಗಾರಿನ ಮಾದರಿಗಳು ನೆರೆಯ ಬಗ್ಗೆ ಹೇಳುತ್ತವೆ, ಮನೆಗಳ ಬಗ್ಗೆ ಹೇಳುವುದಿಲ್ಲ. ಒಟ್ಟು ಫಾಸ್ಫೇಟ್ ಒಂದನ್ನೇ ಅಳೆಯುವುದಕ್ಕಿಂತ ಅಮೋನಿಯಾ, ನೈಟ್ರೇಟ್, ಫಾಸ್ಫೇಟ್ ಮೂರನ್ನೂ ಒಂದೇ ಬಾಟಲಿಯ ನೀರಿನಿಂದ ಅಳೆದು ಅನುಪಾತ ನೋಡಬೇಕು. ಸರ್ಫ್ಯಾಕ್ಟೆಂಟಿಗೆ ನಮ್ಮ ಪ್ರಯೋಗಾಲಯಗಳು ಸಾಮಾನ್ಯವಾಗಿ ಬಳಸುವ ಮೆಥಿಲೀನ್ ಬ್ಲೂ ವಿಧಾನವನ್ನು ಉಪ್ಪು ನೀರಿನಲ್ಲಿ ಹಾಗೆಯೇ ನಂಬುವಂತಿಲ್ಲ. ಕ್ಲೋರೈಡ್ ಕೂಡ ಬಣ್ಣ ಕೊಟ್ಟು, ಇಲ್ಲದ ಮಾರ್ಜಕವನ್ನು ಇದೆಯೆಂದು ತೋರಿಸುತ್ತದೆ. ಕೆಸರಿನ ಮಾದರಿಯನ್ನು ಚರಂಡಿಯ ಬಾಯಲ್ಲೊಂದು, ಮರುವಾಯಿ ಹೆಕ್ಕುವ ದಿಣ್ಣೆಯಲ್ಲೊಂದು, ಅಳಿವೆಯ ಹೊರಗೊಂದು ತೆಗೆದು ಆಲ್ಕೈಲ್‌ಬೆಂಜೀನ್ ಅನುಪಾತ ಹೋಲಿಸಿದರೆ, ಯಾವ ವಾರ್ಡಿನ ನೀರು ಸಂಸ್ಕರಣಾ ಘಟಕ ನೋಡದೆ ಕಡಲಿಗೆ ಬರುತ್ತಿದೆ ಎಂದು ಹುಡುಕಲು ಎಲ್ಲಿಂದ ಶುರುಮಾಡಬೇಕೆಂಬುದು ತಿಳಿಯುತ್ತದೆ.